ರಾಮವ್ವನ ಸೀರೆ ಸಮುದ್ರಕ್ಕಿಳಿದದ್ದು

ಬೆಟಗೇರಿಯ ನೇಕಾರ ಪ್ರಲ್ಹಾದ ಮಗಳ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಬಿಟ್ಟಿದ್ದ ಎಂದರೆ ಪೂರಾ ಬಿಟ್ಟಿದ್ದ ಎಂದಲ್ಲ, ಅವನ ಪಾಲಿನ ಮಾತನ್ನೆಲ್ಲ ಹೆಂಡತಿ ದ್ರಾಕ್ಷಾಯಣಿ ಆಡಬೇಕಿತ್ತು. ರವಿವಾರ ಸಂಜೆ ಮಗಳು ಸೌಂದರ್ಯಾಳ ಫೋನು ಬಂತೆಂದರೆ ಅವನು ಮಗ್ಗದ ಕುಣಿಯಿಂದ ಏಳುತ್ತಿರಲಿಲ್ಲ, ಆದರೆ ಲಾಳಿಯ ಸದ್ದು ಮಾತ್ರ ನಿಲ್ಲುತ್ತಿತ್ತು.

"ಕೆಮ್ಮು ಹೋತೇನ ಕೇಳು," ಎನ್ನುತ್ತಿದ್ದ, ಗೋಡೆಯ ಕಡೆ ನೋಡುತ್ತ.

"ಕೆಮ್ಮು ಹೋತೇನವಾ?" ಎಂದು ದ್ರಾಕ್ಷಾಯಣಿ ಫೋನಿಗೆ ಹೇಳುತ್ತಿದ್ದಳು.

"ಹೋಗೇತಿ ಅಂತ ಹೇಳವ್ವ. ಅಪ್ಪನ ಮಣಕಾಲ ನೋವು ಹೆಂಗೈತಿ ಕೇಳು."

ಸ್ಪೀಕರಿನಲ್ಲಿ ಎಲ್ಲರ ದನಿ ಎಲ್ಲರಿಗೂ ಕೇಳುತ್ತಿತ್ತು. ಆದರೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದ್ರಾಕ್ಷಾಯಣಿ ಮುಟ್ಟಿಸದಿದ್ದರೆ ಇಬ್ಬರೂ ಅವಳ ಮೇಲೆ ಮುನಿಸಿಕೊಳ್ಳುತ್ತಿದ್ದರು. ಅಂಚೆಯವನಿಗಾದರೂ ರವಿವಾರ ಸೂಟಿ ಇರುತ್ತದೆ, ಇವಳಿಗೆ ಅದೂ ಇರಲಿಲ್ಲ.

ಮಗಳನ್ನು ಹುಬ್ಬಳ್ಳಿಯಲ್ಲಿ ಹೋಟೆಲ್ ಕೋರ್ಸಿಗೆ ಹಾಕಿದಾಗ, ಅವಳು ಕರಿ ಕೋಟು ತೊಟ್ಟು ಕೌಂಟರಿನ ಹಿಂದೆ ನಿಲ್ಲುತ್ತಾಳೆ ಎಂದು ಪ್ರಲ್ಹಾದ ಅಂದುಕೊಂಡಿದ್ದ. ಅವಳು ಹಡಗಿನ ಕೆಲಸ ಹಿಡಿದಳು. ಕೆರಿಬಿಯನ್ ಸಮುದ್ರದಲ್ಲಿ ಪ್ರವಾಸಿಗರನ್ನು ಹೊತ್ತು ದ್ವೀಪದಿಂದ ದ್ವೀಪಕ್ಕೆ ತಿರುಗುವ ಹಡಗು. ಅದರ ಕೋಣೆಗಳನ್ನು ಗುಡಿಸಿ, ಹಾಸಿಗೆ ಹಾಸಿ, ಬಚ್ಚಲು ತೊಳೆಯುವುದು ಅವಳ ಕೆಲಸ.

"ಊರ ಮಂದಿ ಪಾಯಖಾನಿ ತೊಳ್ಯಾಕ ಸಾಲಿ ಕಲಿಸಿದ್ನೇನ ನಿನಗ?" ಎಂದು ಅವತ್ತು ಕೇಳಿದ್ದೇ ಕೊನೆಯ ಮಾತು. ಅವಳು ರಜೆಗೆ ಬಂದಾಗಲೂ ಬಾಯಿ ಬಿಡಲಿಲ್ಲ. ಎದುರುಬದುರು ಕೂತು ಉಂಡು, ಕೈ ತೊಳೆದು, ಮಗ್ಗಕ್ಕೆ ಇಳಿದುಬಿಡುತ್ತಿದ್ದ. ರಜೆ ಮುಗಿಯುವ ಮೊದಲೇ ಸೌಂದರ್ಯಾ ಚೀಲ ಕಟ್ಟಿದಳು. ಗದಗ ಬಸ್ ಸ್ಟ್ಯಾಂಡಿನಲ್ಲಿ ತಾಯಿಯ ಕೈ ಹಿಡಿದು, "ಅಪ್ಪ ಮಾತಾಡುತನಕಾ ನಾ ಇನ್ನ ಈ ಮನಿಗೆ ಬರೂದಿಲ್ಲವ್ವ. ಅಳಬ್ಯಾಡ. ಬರೂದಿಲ್ಲ ಅಂದ್ರ ಬರೂದಿಲ್ಲ," ಎಂದಳು. ಹಠದಲ್ಲಿ ಅಪ್ಪನದೇ ಪಡಿಯಚ್ಚು. ಮನೆಯ ಎಲ್ಲ ಮಾತನ್ನೂ ಅತ್ತಿಂದಿತ್ತ ಸಾಗಿಸುವ ದ್ರಾಕ್ಷಾಯಣಿ ಅದೊಂದು ಮಾತನ್ನು ಮಾತ್ರ ಗಂಡನಿಗೆ ಮುಟ್ಟಿಸಿರಲಿಲ್ಲ.

ಹೀಗಿರುವಾಗ ಒಂದು ದಿನ ಊಟಕ್ಕೆ ಕುಳಿತಲ್ಲೇ ಅವಳು ಸುದ್ದಿ ತೆಗೆದಳು. ಹಡಗಿನ ಕಂಪನಿಯವರು ಕೆಲಸದವರ ಮನೆಮಂದಿಗೆ ಕಡಿಮೆ ದರದಲ್ಲಿ ಒಂದು ವಾರದ ಪ್ರವಾಸ ಕೊಡುತ್ತಾರಂತೆ, ವಿಮಾನದ ಖರ್ಚನ್ನು ಸೌಂದರ್ಯಾ ತಾನೇ ಹಾಕುತ್ತಾಳಂತೆ, ಅಪ್ಪ, ಅವ್ವ, ಆಯಿ ಮೂವರೂ ಬರಬೇಕಂತೆ.

ಪ್ರಲ್ಹಾದ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಹಾಕಿದ. "ನಾ ಒಲ್ಲೆ. ಮಗಳು ಮಂದಿ ಮುಸರಿ ಬಳಿಯೂದನ್ನ ಇಷ್ಟ ದೂರ ಹೋಗಿ ಕಣ್ಣಿಲೆ ನೋಡಿ ಬರಬೇಕೇನು?"

"ಮುಸರಿ ಅಲ್ರಿ, ಹಾಸಿಗಿ..."

"ಯಾವುದಾದ್ರೇನು? ಅಕಿಗೆ ಹೇಳು, ಇಲ್ಲಿ ನೂಲಿನ ಹಾಸು ನೇಯೂದು ಅರ್ಧಾ ಉಳದೈತಿ, ಮಗ್ಗ ಬಿಟ್ಟು ಬರಾಕ ಆಗೂದಿಲ್ಲ ಅಂತ."

ಅಲ್ಲಿಯವರೆಗೂ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತಿದ್ದ ರಾಮವ್ವ, ಪ್ರಲ್ಹಾದನ ತಾಯಿ, ತಲೆ ಎತ್ತಿದಳು. "ನಾ ಹೊಂಟೇನಿ," ಎಂದಳು.

"ಎಲ್ಲಿಗೆ ಹೊಂಟಿ? ಮಗ್ಗಲದ ಲಕ್ಕುಂಡಿಗಲ್ಲ ಅದು!"

"ಗೊತ್ತೈತಿ ಬಿಡೋ. ನನ್ನವು ಹಲ್ಲ ಬಿದ್ದಾವು, ಕಾಲ ಬಿದ್ದಿಲ್ಲ. ಮೊಮ್ಮಗಳು ಕರದಾಳ, ಹೋಗತೇನಿ. ದ್ರಾಕ್ಷಿ, ನೀ ಬರತೀಯೋ ಇಲ್ಲೋ?"

"ಬರತೇನ್ರಿ ಅತ್ತಿ," ಎಂದು ದ್ರಾಕ್ಷಾಯಣಿ ಥಟ್ಟನೆ ಅಂದುಬಿಟ್ಟಳು. ಗಂಡನನ್ನು ಕೇಳದೆ ಹೂಂ ಎಂದದ್ದು ಅವಳಿಗೆ ಮದುವೆಯಾದಾಗಿನಿಂದ ಅದೇ ಮೊದಲು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಅತ್ತೆ ಸೊಸೆ ಒಂದಾದ ಮನೆಯಲ್ಲಿ ಗಂಡಸಿನ ಆಟ ಎಷ್ಟು ದಿನ ನಡೆದೀತು? ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೊರಟಾಗ ಪ್ರಲ್ಹಾದನೂ ಅಂಗಿ ಬದಲಿಸಿಕೊಂಡು ಬಂದ. "ಇಬ್ಬರು ಹೆಣ್ಣಮಕ್ಕಳನ್ನ ಕಳಿಸಿ ಓಣ್ಯಾಗ ಯಾವ ಮುಖಾ ಇಟಗೊಂಡು ಅಡ್ಡಾಡ್ಲಿ? ನಿಮ್ಮನ್ನ ಕಾಯಾಕ ಬರತೇನಿ, ಅಷ್ಟ," ಎಂದ. ಅಮೆರಿಕದ ವೀಸಾಕ್ಕೆ ಹೈದರಾಬಾದಿಗೆ ಹೋದಾಗ ಗಾಜಿನ ಹಿಂದೆ ಕುಳಿತ ಸಾಹೇಬ, ಯಾಕೆ ಹೋಗುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಪಕ್ಕದ ಮನೆಯ ಖೈರುನಬಿಯಿಂದ ಕಲಿತ ಭಾಷೆಯಲ್ಲಿ ರಾಮವ್ವ, "ಪೋತಿ ಕು ದೇಖನೆ ಜಾತಿಯೂಂ. ತುಮಾರಿ ದಾದಿ ನೈ ಆತಿ ಕ್ಯಾ?" ಎಂದರೆ, ಮೊಮ್ಮಗಳನ್ನು ನೋಡಲು ಹೊರಟಿದ್ದೇನೆ, ನಿಮ್ಮಜ್ಜಿ ನಿಮ್ಮನ್ನು ನೋಡಲು ಬರುವುದಿಲ್ಲವೇ ಎಂದು ತಿರುಗಿ ಕೇಳಿದಳು. ಸಾಹೇಬ ನಕ್ಕು ಮುದ್ರೆ ಒತ್ತಿದ.

ಆ ವಾರಗಳಲ್ಲಿ ಪ್ರಲ್ಹಾದ ಹಳೆಯ ಹಾಸು ಮುಗಿಸಿ ಹೊಸದನ್ನು ಹೂಡಿದ. ಗಿರಾಕಿಗೆ ಎಂದು ದ್ರಾಕ್ಷಾಯಣಿ ತಿಳಿದಿದ್ದಳು. ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುವಾಗ ನೋಡಿದರೆ ಹದಿನಾರು ಮೊಳದ ಸೀರೆ. ಕಡುಹಸಿರು ಮೈ, ದಾಳಿಂಬೆ ಕೆಂಪಿನ ಸೆರಗು.

"ಯಾರಿಗ್ರಿ ಇದು?"

"ಅವ್ವಗ. ಅಲ್ಲಿ ನಾಲ್ಕು ಮಂದಿ ಮುಂದ ಹಳೀ ಸೀರಿ ಉಟಗೊಂಡು ನಿಂದರಬ್ಯಾಡ. ಹಡಗಿನ ಮಂದಿ ನೋಡ್ಲಿ, ನಾವು ಎಂಥಾ ಮನಿತನದವರು ಅಂತ," ಎಂದ. ಮೊಳಕ್ಕೊಮ್ಮೆ ನಿಲ್ಲಿಸಿ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಬರುವುದಿಲ್ಲ ಎಂದು ಕುಣಿದಾಡಿದವನು ಇವನೇ ಏನು ಎಂದು ದ್ರಾಕ್ಷಾಯಣಿ ಮುಖ ತಿರುಗಿಸಿಕೊಂಡು ನಕ್ಕಳು.

ಮನೆಯ ಕೀಲಿಯನ್ನು ಖೈರುನಬಿಗೆ ಕೊಟ್ಟು ಹೊರಟರು. ವಿಮಾನ ಹತ್ತಿ, ಇಳಿದು, ಇನ್ನೊಂದು ಹತ್ತಿ ಮಿಯಾಮಿ ಎಂಬ ಊರು ಮುಟ್ಟಿದರು. ಬಂದರಿನಲ್ಲಿ ನಿಂತ ಹಡಗನ್ನು ಕಂಡು ರಾಮವ್ವ, "ಇದೇನ ಹಡಗೋ, ಊರೋ?" ಎಂದಳು. ಹಡಗಿನ ಒಳಗೆ ಕಾಲಿಡುತ್ತಲೇ ಸೌಂದರ್ಯಾ ಬೂದುಬಣ್ಣದ ಸಮವಸ್ತ್ರದಲ್ಲಿ ಓಡಿಬಂದಳು. ಆಯಿಯ ಕಾಲಿಗೆ ಬಿದ್ದಳು, ಅವ್ವನನ್ನು ತಬ್ಬಿಕೊಂಡಳು, ಅಪ್ಪನ ಕಾಲಿಗೂ ಬಿದ್ದಳು. ಪ್ರಲ್ಹಾದ ಅವಳ ತಲೆಯ ಮೇಲೆ ಕೈ ಇಟ್ಟ, ಕಣ್ಣು ಮಾತ್ರ ಛಾವಣಿಯ ದೀಪಗಳ ಮೇಲಿತ್ತು.

"ಅವ್ವಾ, ಹಾದ್ಯಾಗ ಅಪ್ಪಗ ಊಟಾ ಸೇರಿತೇನ ಕೇಳು."

"ಸೇರಿತು ಅಂತ ಹೇಳು. ಎಷ್ಟ ಸೊರಗ್ಯಾಳ, ಇವರು ಅನ್ನಾ ಹಾಕತಾರೋ ಇಲ್ಲೋ ಕೇಳು."

ಇಷ್ಟು ದೂರ ಬಂದರೂ ಅದೇ ಹಣೆಬರಹ ಎಂದು ದ್ರಾಕ್ಷಾಯಣಿ ತನ್ನ ಚೀಲ ತಾನೇ ಎತ್ತಿಕೊಂಡು ಮುಂದೆ ನಡೆದಳು.

ಸೌಂದರ್ಯಾಳ ಕೆಲಸ ಮೇಲಿನ ಅಂತಸ್ತಿನಲ್ಲಿ. ದಿನಕ್ಕೆ ಒಂದೆರಡು ಸಲ ಓಡುತ್ತ ಬಂದು ಮುಖ ತೋರಿಸಿ ಹೋಗುವಳು. ಇವರ ಕೋಣೆಯನ್ನು ನೋಡಿಕೊಳ್ಳುವವನು ಅಝೀಮ, ಇಂಡೋನೇಷ್ಯಾದವನು, ಪ್ರಲ್ಹಾದನ ಓರಗೆಯವನು. ಕೆಳಗಿನ ಊಟದ ಮನೆಯಲ್ಲಿ ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳಬಹುದಿತ್ತು. ರಾಮವ್ವ ಮೊಸರನ್ನದ ಪಕ್ಕದಲ್ಲಿ ಐಸ್‌ಕ್ರೀಮ್ ಇಟ್ಟುಕೊಂಡು, ಮನೆಯಿಂದ ತಂದ ಶೇಂಗಾ ಹಿಂಡಿಯ ಚಟ್ನಿಪುಡಿ ಉದುರಿಸಿಕೊಂಡು, ಯಾರ ಗೊಡವೆಯೂ ಇಲ್ಲದೆ ಉಂಡಳು. ಜಮೈಕಾದಲ್ಲಿ ಹಡಗು ನಿಂತ ದಿನ ಬಸ್ಸು ಹತ್ತಿ ಜಲಪಾತ ನೋಡಿ ಬಂದರು. ಬಂಡೆಯ ಮೇಲೆ ಹತ್ತುವಾಗ ಮೊಣಕಾಲು ಹಿಡಿದುಕೊಂಡ ಮಗನಿಗೆ ಎಪ್ಪತ್ತು ದಾಟಿದ ತಾಯಿಯೇ ಕೈಕೊಟ್ಟಳು.

ಎಡವಟ್ಟಾದದ್ದು ಕೋಣೆಯಲ್ಲಿ. ಬೆಳಗಾಗುವ ಮೊದಲೇ ಪ್ರಲ್ಹಾದ ಎದ್ದು ಹಾಸಿಗೆ ಸರಿಮಾಡಿ, ಬಚ್ಚಲು ತಿಕ್ಕಿ, ಒದ್ದೆ ಟವೆಲಿನಿಂದ ನೆಲ ಒರೆಸಿ, ಒಳಗೆ ಬರಬೇಡಿ ಎಂಬ ಚೀಟಿಯನ್ನು ಬಾಗಿಲಿಗೆ ನೇತುಹಾಕಿಬಿಡುತ್ತಿದ್ದ. ರಾಮವ್ವನಿಗೂ ಅದು ಸರಿಕಂಡಿತ್ತು. ಮಗಳಿದ್ದ ಕಡೆ ಹೋಗಿ ಕೂತುಣ್ಣುವುದು ಅವರ ಮನೆತನದಲ್ಲಿ ಇರಲಿಲ್ಲ. ಬೀಗರ ಮನೆಗೆ ಹೋದರೂ ತಮ್ಮ ತಾಟು ತಾವೇ ತೊಳೆದಿಡುವವರು. ಅಝೀಮ ಬಾಗಿಲು ತಟ್ಟಿದಾಗಲೆಲ್ಲ ಇವರು ಕೈಮುಗಿದು ನಕ್ಕು ವಾಪಸು ಕಳಿಸುತ್ತಿದ್ದರು.

ಮೂರನೆಯ ದಿನ ಸೌಂದರ್ಯಾ ದುಮುಗುಡುತ್ತ ಬಂದಳು. ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದ. ಅವಳು ತಾಯಿಯ ಕಡೆ ತಿರುಗಿ ನಿಂತಳು.

"ಅವ್ವಾ, ಈ ಕೋಲಿ ಯಾರು ಕಸಾ ಹೊಡಿಯಾಕತ್ತಾರ? ಅಝೀಮಣ್ಣನ್ನ ಮ್ಯಾಲಿನವರು ಕರದು ಕೇಳ್ಯಾರ. ಗಿರಾಕಿ ನಿನ್ನ ಒಳಗ ಬಿಟಗೊಳ್ಳವಲ್ರು, ನೀ ಏನ ತಪ್ಪ ಮಾಡೀದಿ ಅಂತ. ಅವ ಹೋಗಿ ಅಳೂದೊಂದ ಬಾಕಿ."

ಪ್ರಲ್ಹಾದ ಹೆಂಡತಿಗೆ ಹೇಳಿದ: "ಅಕಿಗೆ ಹೇಳು. ಅವನೂ ನನ್ನಂಗ ಮನಿ ಮಕ್ಕಳು ಇದ್ದ ಮನಿಶ್ಯಾ. ಅವನ ಕೈಲೆ ನನ್ನ ಪಾಯಖಾನಿ ತೊಳಸಿದ್ರ ನನಗ ಅನ್ನಾ ಇಳಿಯೂದಿಲ್ಲ."

"ಅಪ್ಪಗ ಹೇಳವ್ವಾ. ಅಪ್ಪ ಕಷ್ಟಪಟ್ಟು ಒಂದ ಸೀರಿ ನೇಯ್ದು ಕೊಟ್ಟ ಅಂತ ತಿಳಕೊಳ್ಳಲಿ. ತಗೊಂಡಾಕಿ, ಪಾಪ, ಎಷ್ಟ ತ್ರಾಸ ತಗೊಂಡು ಮಾಡ್ಯಾನ, ಇದನ್ನ ನಾ ಉಡೂದಿಲ್ಲ ಅಂತ ಟ್ರಂಕಿನ್ಯಾಗ ಹಾಕಿ ಕೀಲಿ ಜಡದ್ರ ಅಪ್ಪಗ ಸಂತೋಷ ಆಗತೈತೇನು?"

ಪ್ರಲ್ಹಾದ ಕುರ್ಚಿಯ ಕೈಗೆ ಹಾಕಿದ್ದ ಒದ್ದೆ ಟವೆಲನ್ನು ಬೆನ್ನ ಹಿಂದಕ್ಕೆ ಸರಿಸಿದ.

"ನಾವು ಕೆಲಸಾ ಮಾಡತೇವಿ, ಭಿಕ್ಷಾ ಬೇಡೂದಿಲ್ಲ," ಎಂದಳು ಸೌಂದರ್ಯಾ. "ನಾ ಹಾಸಿದ ಹಾಸಿಗಿ ಮ್ಯಾಲೆ ಒಂದ ಸುಕ್ಕ ತೋರಸ್ಲಿ, ಅವತ್ತ ಈ ಕೆಲಸಾ ಬಿಡತೇನಿ." ಬಾಗಿಲು ಎಳೆದುಕೊಂಡು ಹೋದಳು.

ರಾಮವ್ವ ಮಂಚದ ಮೇಲೆ ಕುಳಿತು ಕಿಸಕ್ಕನೆ ನಕ್ಕಳು. "ಪಲ್ಲ್ಯಾ, ನಿನ್ನ ಬಾಯಿ ಮುಚ್ಚಸಾಕ ನಿನ್ನ ಮಗಳ ಬರಬೇಕಾತು ನೋಡು."

ಮರುದಿನ ಬೆಳಗ್ಗೆ ಪ್ರಲ್ಹಾದ ಹಾಸಿಗೆಯನ್ನು ಕೆದರಿದ ಹಾಗೇ ಬಿಟ್ಟ. ಅಝೀಮ ಬಂದ. ಇವನು ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡಿದ. ಅಝೀಮ ಹಾಳೆಯನ್ನು ಒಂದೇ ಬೀಸಿಗೆ ಹಾರಿಸಿ ಹಾಸಿದ, ಮೂಲೆ ಮಡಚಿ ಹಾಸಿಗೆಯ ಅಡಿಗೆ ಒತ್ತಿದ, ಅಂಗೈಯಿಂದ ಮಧ್ಯದಿಂದ ಅಂಚಿಗೆ ಸವರಿದ. ಅವನು ಹೋದ ಮೇಲೆ ಪ್ರಲ್ಹಾದ ಎದ್ದು ಹಾಸಿಗೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಎಷ್ಟ ಬಿಗಿ ಎಳದಾನ ನೋಡು. ಸೌಂದ್ರಿನೂ ಹಿಂಗ ಹಾಸತಾಳೇನು? ಕೇಳು ಅಕಿನ್ನ."

ದ್ರಾಕ್ಷಾಯಣಿ ಹೆರಳು ಹಾಕಿಕೊಳ್ಳುತ್ತಿದ್ದಳು. ಕೈಯಲ್ಲಿದ್ದ ಬಾಚಣಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನೀವ ಕೇಳ್ರಿ. ಇನ್ನ ನಾ ಯಾರಿಗೂ ಏನೂ ಹೇಳೂದಿಲ್ಲ, ಕೇಳೂದಿಲ್ಲ. ಮೂರು ವರ್ಷ ಆತು, ನನ್ನ ನಾಲಿಗಿ ಸವದೈತಿ."

"ಯಾಕ, ಏನಾತ ನಿನಗ?"

"ಏನಾತು? ನಿಮ್ಮ ಮಗಳು ಇನ್ನ ಮನಿಗೆ ಬರೂದಿಲ್ಲ ಅಂದಾಳ. ಹೋದ ಸಲ ಬಸ್ ಸ್ಟ್ಯಾಂಡಿನ್ಯಾಗ ಹೇಳಿ ಹೋಗ್ಯಾಳ. ನೀವು ಮಾತಾಡುತನಕಾ ಬರೂದಿಲ್ಲಂತ. ಈ ವಾರ ಮುಗದು ಹಡಗಿನಿಂದ ಇಳದ್ವಿ ಅಂದ್ರ ಇನ್ನ ಅಕಿ ಮುಖಾ ನಮಗ ಫೋನಿನ್ಯಾಗ ಅಷ್ಟ. ಸಾಕಲ್ಲ? ನಿಮ್ಮ ಹಠಾ ಗೆದ್ದತಿ, ಹಬ್ಬಾ ಮಾಡ್ರಿ!"

ಪ್ರಲ್ಹಾದ ಕಿಟಕಿಯ ಹತ್ತಿರ ಹೋಗಿ ನಿಂತ. ಅವನ ಭುಜ ಇಳಿದುಹೋದದ್ದನ್ನು ದ್ರಾಕ್ಷಾಯಣಿ ಕಂಡಳು. ಆದರೆ ಸಮಾಧಾನ ಹೇಳಲು ಹೋಗಲಿಲ್ಲ.

ಅದೇ ದಿನ ಹಡಗು ಕೊಝುಮೆಲ್ ಎಂಬ ದ್ವೀಪದಲ್ಲಿ ನಿಂತಿತು. ಸೌಂದರ್ಯಾಳಿಗೆ ಮಧ್ಯಾಹ್ನ ಬಿಡುವು. ಹಳದಿ ಚೂಡಿದಾರ ಹಾಕಿಕೊಂಡು ಬಂದು ಎಲ್ಲರನ್ನೂ ಬೀಚಿಗೆ ಕರೆದುಕೊಂಡು ಹೋದಳು. ಬಿಳಿ ಮರಳು, ತೆಂಗಿನ ಮರ, ತಿಳಿನೀಲಿ ನೀರು. ಅರೆಬತ್ತಲೆ ಮಂದಿಯ ನಡುವೆ ಹಸಿರು ಸೀರೆಯ ಕಚ್ಚೆ ಹಾಕಿ, ಕೆಂಪು ಸೆರಗನ್ನು ತಲೆಯ ಮೇಲೆ ಹೊದ್ದು ರಾಮವ್ವ ನಡೆದರೆ ಎಲ್ಲರೂ ತಿರುಗಿ ನೋಡಿದರು. ಪ್ರಲ್ಹಾದ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ, ನೋಡುವವರು ತಾಯಿಯನ್ನು ನೋಡುತ್ತಾರೋ ಸೀರೆಯನ್ನೋ ಎಂದು ಲೆಕ್ಕ ಹಾಕುತ್ತ.

ನೀರಿನ ಅಂಚಿಗೆ ಬಂದ ರಾಮವ್ವ ನಿಲ್ಲಲಿಲ್ಲ.

"ಅತ್ತೀ, ಹೊಸಾ ಸೀರಿ!" ದ್ರಾಕ್ಷಾಯಣಿ ಕೂಗಿದಳು.

"ಸೀರಿ ನೇಯ್ದಾಂವ ನನ್ನ ಮಗಾ. ಹರದ್ರ ಇನ್ನೊಂದ ನೇಯ್ತಾನ!" ಮುದುಕಿ ಸೊಂಟದವರೆಗೆ ಇಳಿದು, ಬಂದ ಅಲೆಗೆ ಧೊಪ್ಪೆಂದು ಕುಳಿತು, ಚಿಕ್ಕ ಹುಡುಗಿಯಂತೆ ಕೇಕೆ ಹಾಕಿದಳು. ಸೌಂದರ್ಯಾ ಓಡಿಹೋಗಿ ರಟ್ಟೆ ಹಿಡಿದಳು. ದಂಡೆಯಲ್ಲಿ ಪ್ರಲ್ಹಾದನ ಜೀವ ಕೈಯಲ್ಲಿತ್ತು. ತಾಯಿಯದು ಒಂದು ಚಿಂತೆ, ಸೆರಗಿನ ಕೆಂಪು ಬಣ್ಣ ಬಿಟ್ಟು ಸೀರೆಯ ಹಸಿರು ಮೈಗೆ ಹತ್ತಿದರೆ ಎಂಬುದು ಇನ್ನೊಂದು. ಅವರು ಮೇಲೆ ಬಂದದ್ದೇ ತಡ, ಓಡಿಹೋಗಿ ಸೆರಗಿನ ತುದಿ ಹಿಂಡಿ ನೋಡಿದ. ನೀರು ತಿಳಿಯಾಗಿ ಇಳಿಯಿತು.

"ಬಣ್ಣಾ ಬಿಟ್ಟಿಲ್ಲ!" ಎಂದ. ಯಾರಿಗೆ ಹೇಳಿದ ಎಂಬುದು ಅವನಿಗೇ ಗೊತ್ತಿರಲಿಲ್ಲ, ಆದರೆ ಮುಖ ಅರಳಿತ್ತು.

ದ್ರಾಕ್ಷಾಯಣಿ ಅತ್ತೆಗೆ ಚೀಲದಲ್ಲಿದ್ದ ಬೇರೆ ಸೀರೆ ಉಡಿಸಿದಳು. ದಂಡೆಯ ನಲ್ಲಿಯಲ್ಲಿ ಒದ್ದೆ ಸೀರೆಯ ಉಪ್ಪನ್ನು ಜಾಲಿಸಿ ತೆಗೆದಳು. ಇನ್ನು ಒಣಗಿಸಬೇಕು. ತಾನು ಒಂದು ತುದಿ ಹಿಡಿದು ನಿಲ್ಲುವಷ್ಟರಲ್ಲಿ ರಾಮವ್ವ ಗದರಿದಳು.

"ನೀ ಬಿಡು ದ್ರಾಕ್ಷಿ, ಬಂದು ಕುಂಡ್ರು. ಪಲ್ಲ್ಯಾ, ನೀ ಆ ಕಡೆ ಹಿಡಿ. ಸೌಂದ್ರವ್ವ, ನೀ ಈ ಕಡೆ."

ತಾಯಿಯ ಮಾತು ಮೀರುವಂತಿರಲಿಲ್ಲ. ಅಪ್ಪ ಒಂದು ತುದಿ, ಮಗಳು ಒಂದು ತುದಿ ಹಿಡಿದು ಹದಿನಾರು ಮೊಳ ದೂರ ನಿಂತರು. ಬೆಟಗೇರಿಯ ಮನೆಯಲ್ಲಿ ಮಗ್ಗದಿಂದ ಇಳಿಸಿದ ಪ್ರತಿ ಸೀರೆಯನ್ನೂ ಹೀಗೆ ಇಬ್ಬರು ಹಿಡಿದು, ಎಳೆದು, ಝಾಡಿಸಿ ಮಡಚುತ್ತಾರೆ. ಸೌಂದರ್ಯಾಳ ಕೈಗೆ ಅಂಚು ನಿಲುಕಿದಂದಿನಿಂದ ಅವಳು ಹಡಗಿಗೆ ಹೋಗುವವರೆಗೆ ಎದುರಿನ ತುದಿ ಅವಳದೇ ಆಗಿತ್ತು. ಆ ಕೆಲಸಕ್ಕೆ ಒಂದು ಗುಣವಿದೆ. ಬಾಯಿ ಬಿಡದೆ ಅದನ್ನು ಮಾಡಲಾಗುವುದಿಲ್ಲ. ಎಳೆ, ಬಿಡು, ತಿರುಗಿಸು, ಬಾ ಎಂದು ಒಬ್ಬರಿಗೊಬ್ಬರು ಹೇಳಲೇಬೇಕು.

ಇಬ್ಬರೂ ಸೀರೆಯನ್ನು ಬಿಸಿಲಿಗೆ ಹಿಡಿದು ನಿಂತರು. ಸೀರೆ ಅರ್ಧ ಒಣಗಿರಬೇಕು, ಸಮುದ್ರದ ಕಡೆಯಿಂದ ಗಾಳಿ ಬಂದು ಅದರ ಹೊಟ್ಟೆಯನ್ನು ಉಬ್ಬಿಸಿ ಸೆರಗನ್ನು ಕೆಳಗೆ ಎಳೆಯಿತು.

"ಬಿಗಿ ಹಿಡಿಲೇ ಸೌಂದ್ರಿ! ಸೆರಗು ಉಸುಕಿಗೆ ಹತ್ತತೈತಿ!"

ಪ್ರಲ್ಹಾದನ ದನಿಗೆ ಪಕ್ಕದ ಛತ್ರಿಯ ಕೆಳಗಿನವರೂ ತಿರುಗಿ ನೋಡಿದರು.

"ನಾ ಬಿಗಿನ ಹಿಡದೇನಿ! ನೀನ ಸಡ್ಲ ಬಿಟ್ಟೀಯಪ್ಪಾ!"

"ನಾ ಎಲ್ಲಿ ಬಿಟ್ಟೇನಿ? ಮೂರು ವರ್ಷ ಮಡಚಿಲ್ಲ, ಕೈ ಮರತೈತಿ ನಿನಗ!"

"ಮೂರು ವರ್ಷದಿಂದ ದಿನಾ ಅರಿವಿ ಮಡಚೂದ ನನ್ನ ಕೆಲಸಾ! ಎಳಿ ನೋಡೂಣು!"

ಪ್ರಲ್ಹಾದ ಎಳೆದ. ಅವಳು ಕದಲಲಿಲ್ಲ. ಸೀರೆ ಫಟ್ಟೆಂದು ಹಲಗೆಯಂತೆ ನಿಂತಿತು. ಇಬ್ಬರೂ ಝಾಡಿಸಿದರು, ಮಡಚಿದರು, ಒಬ್ಬರ ಕಡೆಗೊಬ್ಬರು ನಡೆದರು. ಅವಳ ಕೈಯ ಅಂಚು ಅವನ ಕೈಗೆ ಬಂದಾಗ ಎಳೆ ಎಳೆ ಕೂಡಿತ್ತು. ಅವನು ಅಂಚನ್ನು ನೋಡಿದ, ಮಗಳ ಮುಖ ನೋಡಿದ. "ಕೈ ಮರತಿಲ್ಲ ಬಿಡು," ಎಂದ.

ಅಷ್ಟರಲ್ಲಿ ಛತ್ರಿಯ ಕೆಳಗಿದ್ದ ಬಿಳಿಗೂದಲಿನ ಹೆಂಗಸೊಬ್ಬಳು ಎದ್ದು ಬಂದು ಸೀರೆಯನ್ನು ಮುಟ್ಟಬಹುದೇ ಎಂದು ಸನ್ನೆಯಲ್ಲಿ ಕೇಳಿದಳು. ಮುಟ್ಟಿ ನೋಡಿ ಹಿಗ್ಗಿದಳು. ಆಮೇಲೆ ಸೌಂದರ್ಯಾಳ ಮುಖವನ್ನು ದಿಟ್ಟಿಸಿ, ಗುರುತು ಹಿಡಿದು, ಇಂಗ್ಲಿಷಿನಲ್ಲಿ ಏನೋ ಹೇಳುತ್ತ ಅವಳ ಕೈ ಹಿಡಿದುಕೊಂಡಳು. ಸೌಂದರ್ಯಾಳ ಮುಖದ ನಗು ಮಾಯವಾಯಿತು. ಅಪ್ಪನ ಕಡೆ ಕಣ್ಣೆತ್ತಲಿಲ್ಲ.

"ಏನಂತ ಅವರು?" ಪ್ರಲ್ಹಾದ ಕೇಳಿದ.

ಅವಳು ತಲೆ ಎತ್ತಿ ನೇರವಾಗಿ ಹೇಳಿದಳು: "ಇವರ ಕೋಲಿ ಸ್ವಚ್ಛ ಮಾಡೂದು ನಾನಪ್ಪಾ. ನೀ ನಮ್ಮ ಕೋಲಿ ಹುಡುಗಿ ಅಲ್ಲೇನು ಅಂತ ಕೇಳಾಕತ್ತಾರ. ಸೀರಿ ಯಾರು ಮಾಡಿದ್ದು ಅಂತನೂ ಕೇಳಾಕತ್ತಾರ."

ದ್ರಾಕ್ಷಾಯಣಿಗೆ ತಾನು ಎದ್ದು ನಡುವೆ ಹೋಗಬೇಕು ಎನ್ನಿಸಿತು. ರಾಮವ್ವ ಅವಳ ಸೆರಗು ಹಿಡಿದು ಕೂರಿಸಿದಳು.

ಪ್ರಲ್ಹಾದ ಸೀರೆಯ ಮಡಿಕೆಯನ್ನು ಎಡಗೈಗೆ ತೆಗೆದುಕೊಂಡು ಬಲಗೈಯನ್ನು ಮಗಳ ಭುಜದ ಮೇಲಿಟ್ಟ. "ಹೇಳು ಅವರಿಗೆ," ಎಂದ. "ಈ ಸೀರಿ ನೇಯ್ದಾಂವ ನಾನು. ನಿಮ್ಮ ಹಾಸಿಗಿ ಹಾಸೂದು ನನ್ನ ಮಗಳು. ನಾವು ಅಪ್ಪ ಮಗಳು ಇಬ್ಬರೂ ಅರಿವಿ ಕೆಲಸದವರು. ನಮ್ಮ ಕೈಯಾಗ ಬಂದ ಅರಿವಿ ಸುಕ್ಕ ಬೀಳೂದಿಲ್ಲ ಅಂತ ಹೇಳು."

ಸೌಂದರ್ಯಾ ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದಳು. ನನ್ನ ತಂದೆ ಎನ್ನುವವರೆಗೆ ಸರಿಯಾಗಿ ಬಂತು, ಅಲ್ಲಿಗೆ ನಿಲ್ಲಿಸಿ ಅಪ್ಪನ ಮುಖ ನೋಡಿದಳು.

"ಯಾಕ ನಿಂತಿ? ಪೂರಾ ಹೇಳು. ಅರ್ಧಾ ಬಿಡಬ್ಯಾಡ," ಎಂದ ಪ್ರಲ್ಹಾದ.

ಅವಳು ಕಣ್ಣು ಒರೆಸಿಕೊಂಡು ಪೂರಾ ಹೇಳಿದಳು, ಸುತ್ತಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ಬಿಳಿಗೂದಲಿನ ಹೆಂಗಸು ಇಬ್ಬರ ಕೈಯನ್ನೂ ಕುಲುಕಿ ಹೋದಳು. ಪ್ರಲ್ಹಾದ ಸೀರೆಯನ್ನು ಮಗಳ ಕೈಗೆ ಕೊಡುತ್ತ, ಮರಳು ನೋಡಿಕೊಂಡು ಅಂದ: "ದೀಪಾವಳಿ ಮುಂದ ಸೀರಿ ಕೆಲಸಾ ಭಾಳ ಇರತೈತಿ. ಮಡಚಾಕ ನನಗೊಂದ ಕೈ ಬೇಕು. ರಜಾ ಸಿಗತೈತೇನು ನೋಡು."

ಸೌಂದರ್ಯಾ ದಂಡೆಯ ಮೇಲೆ ಕುಳಿತ ತಾಯಿಯ ಕಡೆ ತಿರುಗಿದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅವ್ವಾ, ಅಪ್ಪಗ ಹೇಳು..."

"ನೀನ ಹೇಳು. ಎದುರಿಗೇ ನಿಂತಾರ," ಎಂದು ದ್ರಾಕ್ಷಾಯಣಿ ಎದ್ದಳು. ನೆರಿಗೆ ಎತ್ತಿ ಕಟ್ಟಿಕೊಂಡು, ಯಾರ ಕಡೆಯೂ ತಿರುಗಿ ನೋಡದೆ, ನೇರ ನೀರಿಗೆ ನಡೆದಳು. ಮೊದಲ ಅಲೆ ಮೊಣಕಾಲಿಗೆ ಬಡಿಯುವ ಹೊತ್ತಿಗೆ ಹಿಂದಿನಿಂದ ಮಗಳ ದನಿ ಕೇಳಿತು.

"ಬರತೇನಪ್ಪಾ."